‘ಅರ್ಥವಾಗಲಿಲ್ಲ’ ಎಂದು ಬರೆದವರಿಗೆ

(ತುಮಕೂರಿನ ಓದುಗರೊಬ್ಬರ ಪತ್ರದ ಸಾರ: “ನೀವು ಹೊಗಳಿ ಬರೆದಿದ್ದೀರೆಂದು ರಜೆ ಹಾಕಿ, ಬಸ್ಸು ಹತ್ತಿ ಚಿತ್ರಕಲಾ ಪರಿಷತ್ತಿಗೆ ಹೋದೆ. ಬೆಂಗಳೂರಿನ ಆರು ಕಲಾವಿದರ ಹೊಸ ಚಿತ್ರಗಳು. ಒಂದೂ ಅರ್ಥವಾಗಲಿಲ್ಲ. ಅಲ್ಲಿಯ ಅಭಿಪ್ರಾಯದ ಪುಸ್ತಕದಲ್ಲೂ ಹಾಗೇ ಬರೆದು ಬಂದೆ. ಬೂದಿ ಬಳಿದಂತಿದ್ದ ಒಂದಕ್ಕೆ 80 ಸಾವಿರ! ಕೆ.ಕೆ. ಹೆಬ್ಬಾರರಂಥ ಚಿತ್ರಕಾರರು ಈಗ ಯಾರೂ ಇಲ್ಲವೇ?”)

ಮೊದಲು ತಪ್ಪೊಪ್ಪಿಗೆ. ನಿಮ್ಮ ಪತ್ರ ಬಂದ ಮೇಲೆ ನಮ್ಮ ವರದಿಯನ್ನು ಮತ್ತೆ ತೆಗೆದು ಓದಿದೆ. ‘ಅನನ್ಯ’, ‘ವಿಭಿನ್ನ’, ‘ಮನಮುಟ್ಟುವ’ ಈ ಮೂರೇ ಪದ ಸುತ್ತಿ ಸುತ್ತಿ ಬಂದಿವೆ. ಚಿತ್ರದಲ್ಲಿ ಏನಿದೆ ಅಂತ ಹೇಳುವ ವಾಕ್ಯ ಒಂದೂ ಇಲ್ಲ. ಅದನ್ನು ಅಚ್ಚಿಗೆ ಬಿಟ್ಟವನು ನಾನೇ, ಪ್ರದರ್ಶನ ನೋಡದೆ. ನಿಮ್ಮ ಬಸ್ ಚಾರ್ಜು ನಮ್ಮ ಲೆಕ್ಕಕ್ಕೆ ಬರಬೇಕಾದ್ದು. ಕೊನೆಯ ದಿನ ಮಧ್ಯಾಹ್ನ ಪರಿಷತ್ತಿರುವ ಕುಮಾರಕೃಪಾ ರಸ್ತೆಗೆ ಹೋಗಿ ಬಂದೆ.

ಆರರಲ್ಲಿ ಇಬ್ಬರ ಮಟ್ಟಿಗೆ ನಿಮ್ಮ ಸಿಟ್ಟಿಗೆ ನನ್ನ ರುಜುವನ್ನೂ ಸೇರಿಸಿಕೊಳ್ಳಿ. ಕಣ್ಮುಚ್ಚಿದ ಬುದ್ಧ, ನೈಫಿನಲ್ಲಿ ಬಣ್ಣ ಮೆತ್ತಿದ ಗಣಪತಿ, ಸೋಫಾದ ಬಟ್ಟೆ ಯಾವ ಬಣ್ಣವೆಂದು ಕೇಳಿಕೊಂಡೇ ಬಿಡಿಸಿದ ಹಾಗೆ. ಮಾರಾಟದ ಕೆಂಪು ಚುಕ್ಕಿ ಹೆಚ್ಚು ಬಿದ್ದಿದ್ದೂ ಅವಕ್ಕೇ, ಅದು ಬೇರೆ ಮಾತು.

ನಿಮ್ಮ ಬೂದಿ ಚಿತ್ರದ ಮುಂದೆ ಮಾತ್ರ ಅರ್ಧ ಗಂಟೆ ನಿಂತೆ. ನಾಲ್ಕಡಿ, ಐದಡಿಯ ಎಣ್ಣೆಬಣ್ಣ. ದೂರದಿಂದ ನೀವು ಹೇಳಿದ್ದು ಸರಿ, ಒಲೆಯ ಬೂದಿಯೇ. ಹತ್ತಿರ ಹೋದರೆ ಬೂದಿಯೊಳಗೆ ಸೈಟುಗಳ ಗೆರೆ ಕಾಣುತ್ತದೆ, ಅಳತೆಪಟ್ಟಿ ಇಟ್ಟು ಕೊರೆದಂತೆ. ಬಲಮೂಲೆಯಲ್ಲಿ ಸಾಲಾಗಿ ಹತ್ತು ಹನ್ನೆರಡು ನೀಲಿ ವೃತ್ತ. ಮೊದಲು ತಿಳಿಯಲಿಲ್ಲ, ಅವು ಪ್ಲಾಸ್ಟಿಕ್ ಬಿಂದಿಗೆಗಳ ಬಾಯಿ, ಮೇಲಿಂದ ನೋಡಿದ್ದು. ಟ್ಯಾಂಕರ್ ಇಲ್ಲ, ಜನ ಇಲ್ಲ. ಚಿತ್ರಕ್ಕೆ ಚೌಕಟ್ಟು ಹಾಕಿರಲಿಲ್ಲವಾದ್ದರಿಂದ ಕ್ಯಾನ್ವಾಸಿನ ಮಗ್ಗುಲೂ ಕಾಣುತ್ತಿತ್ತು. ಅಲ್ಲಿ ಹಸಿರು ಇಳಿದು ಒಣಗಿತ್ತು, ಅದರಡಿಯಲ್ಲಿ ತಿಳಿನೀಲಿ. ಮುಂಭಾಗದಲ್ಲಿ ಎಲ್ಲೂ ಇಲ್ಲದ ಬಣ್ಣಗಳು.

ಮೂಲೆಯಲ್ಲಿ ಟಿಫಿನ್ ಡಬ್ಬಿ ಬಿಚ್ಚಿಕೊಂಡು ಕೂತಿದ್ದ ಕಲಾವಿದೆಯನ್ನೇ ಕೇಳಿದೆ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವರು. “ಮೊದಲು ಕೆರೆ ಬಿಡಿಸಿದ್ದೆ ಸಾರ್, ಜೊಂಡು ಎಲ್ಲಾ ಹಾಕಿ. ಚೆನ್ನಾಗೇ ಬಂದಿತ್ತು. ಆಮೇಲೆ ಅದರ ಮೇಲೆ ಲೇಔಟ್ ಮಾಡಿದೆ” ಎಂದರು. ಊಟ ಮುಂದುವರಿಸಿದರು.

ಬೆಲೆಯ ವಿಷಯ. ಕ್ಯಾನ್ವಾಸು, ಬಣ್ಣ, ಸಾಗಿಸುವ ಟೆಂಪೋ, ಗ್ಯಾಲರಿಯ ಬಾಡಿಗೆ ಎಲ್ಲ ಅವರ ಕೈಯಿಂದಲೇ. ಚಿತ್ರ ಮಾರಿದರೆ ಉಂಟು, ಇಲ್ಲದಿದ್ದರೆ ಮನೆಯ ಅಟ್ಟಕ್ಕೆ. 80 ಸಾವಿರ ನನ್ನ ಜೇಬಿಗೂ ಹೆಚ್ಚೇ. ನಮ್ಮಂಥವರಿಗೆ ಜನವರಿಯ ಚಿತ್ರಸಂತೆ ಇದೆ, ಅದೇ ರಸ್ತೆಯಲ್ಲಿ. ನೂರು ರೂಪಾಯಿಗೂ ಚಿತ್ರ ಸಿಗುತ್ತದೆ.

ಇನ್ನು ಹೆಬ್ಬಾರರು. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಸಾಲದೆಂದು ನಲವತ್ತರ ಹೊಸ್ತಿಲಲ್ಲಿ ಪ್ಯಾರಿಸ್ಸಿಗೂ ಹೋಗಿ ಮತ್ತೆ ವಿದ್ಯಾರ್ಥಿಯಾಗಿ ಕೂತವರು. ಕೋಳಿ ಅಂಕ, ಜಾತ್ರೆ ಬಿಡಿಸಿದ ಕೈಯೇ ಬರೀ ರೇಖೆಯಲ್ಲಿ ನರ್ತಕಿಯನ್ನೂ ಹಿಡಿಯಿತು. ಅವರೂ ಒಂದೇ ಥರ ಬಿಡಿಸುತ್ತ ಕೂರಲಿಲ್ಲ. ನಿಮ್ಮ ಪತ್ರ ಓದುವಾಗ ನನಗೆ ಹೆಚ್ಚು ನೆನಪಾದವರು ರುಮಾಲೆ ಚನ್ನಬಸವಯ್ಯ. ಸ್ವಾತಂತ್ರ್ಯ ಚಳವಳಿ, ರಾಜಕೀಯ ಎಲ್ಲ ಮುಗಿಸಿ ಕುಂಚಕ್ಕೆ ಮರಳಿ, ಬೆಂಗಳೂರಿನ ಹೂಬಿಟ್ಟ ಮರಗಳ ಎದುರು ಕೂತವರು. ಆ ಕೆಂಪು, ಆ ಹಳದಿ ನೋಡಿದರೆ ಈಗಲೂ ಕಣ್ಣು ಕೋರೈಸುತ್ತದೆ. ಅವರ ಎದುರಿಗೆ ಮರ ಇತ್ತು, ಬಿಡಿಸಿದರು. ಈಕೆಯ ಎದುರಿಗೆ ಬಿಂದಿಗೆ ಸಾಲು.

ಹೊರಡುವ ಮುನ್ನ ಅಭಿಪ್ರಾಯದ ಪುಸ್ತಕ ತಿರುವಿದೆ. ‘ಸೂಪರ್’, ‘ಆಲ್ ದಿ ಬೆಸ್ಟ್’, ‘ತುಂಬಾ ಚೆನ್ನಾಗಿದೆ’ಗಳ ನಡುವೆ ನಿಮ್ಮ ಒಂದು ಪದ, ಕೆಳಗೆ ಊರಿನ ಹೆಸರು. “ಇವರು ಯಾವ ಚಿತ್ರ ನೋಡಿ ಬರೆದಿದ್ದೋ ಅಂತ ವಾರದಿಂದ ಯೋಚಿಸ್ತಿದೀನಿ” ಎಂದರು ಆ ಕಲಾವಿದೆ. ನಿಮ್ಮದೇ, ಆ ಬೂದಿ ಬಣ್ಣದ್ದು ಎಂದೆ. ಜೋರಾಗಿ ನಕ್ಕುಬಿಟ್ಟರು. ಅದಿನ್ನೂ ಮಾರಾಟವಾಗಿಲ್ಲ.

— ಸಂಪಾದಕ