ದೊಡ್ಡ ನಗರ, ಮೂರೇ ದಿನ, 40 ಆರ್ಟ್ ಗ್ಯಾಲರಿ: ಯಾವುದಕ್ಕೆ ಹೋಗುವುದು, ಯಾವುದನ್ನು ಬಿಡುವುದು?

ಕೈಯಲ್ಲಿ ಮೂರು ದಿನ, ಪಟ್ಟಿಯಲ್ಲಿ 40 ಹೆಸರು, ಯಾವುದನ್ನು ಬಿಡಲಿ ಎಂದು ಕೇಳಿದ್ದೀರಿ. ಮೊದಲು ಬಿಡುವ ಲೆಕ್ಕವನ್ನೇ ಮಾಡಿಬಿಡೋಣ. ದಿನಕ್ಕೆ ಒಂದು ದೊಡ್ಡ ಮ್ಯೂಸಿಯಂ, ಅದರ ಆಸುಪಾಸಿನಲ್ಲೇ ಎರಡೋ ಮೂರೋ ಸಣ್ಣ ಗ್ಯಾಲರಿ. ಮೂರು ದಿನಕ್ಕೆ ಹತ್ತು, ಬಹಳವೆಂದರೆ ಹನ್ನೆರಡು. ಉಳಿದ 28ರ ಆಸೆಯನ್ನು ಈಗಲೇ ಕೈಬಿಡಿ.

ಇಷ್ಟು ಕಡಿಮೆ ಯಾಕೆಂದರೆ, ಕಾಲಿಗಿಂತ ಮೊದಲು ಕಣ್ಣು ಸೋಲುತ್ತದೆ. ಬಾಸ್ಟನ್ನಿನ ಫೈನ್ ಆರ್ಟ್ಸ್ ಮ್ಯೂಸಿಯಂನ ಬೆಂಜಮಿನ್ ಐವ್ಸ್ ಗಿಲ್ಮನ್ 1916ರಲ್ಲೇ ‘ಮ್ಯೂಸಿಯಂ ಆಯಾಸ’ದ ಬಗ್ಗೆ ಬರೆದರು. ಪ್ರದರ್ಶನದ ಪೆಟ್ಟಿಗೆಗಳನ್ನು ನೋಡಲು ಒಬ್ಬ ಮನುಷ್ಯ ಎಷ್ಟು ಬಗ್ಗಬೇಕು, ಎಷ್ಟು ತಿರುಚಿಕೊಳ್ಳಬೇಕು ಎಂದು ಫೋಟೊ ಸಮೇತ ತೋರಿಸಿದ್ದರು. 2001ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಜನ ಒಂದು ಕೃತಿಯ ಮುಂದೆ ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಅಳೆಯಿತು: ಸರಾಸರಿ 27 ಸೆಕೆಂಡ್. ಆದರೆ ಅರ್ಧದಷ್ಟು ಸಲ ಆ ನಿಲುಗಡೆ 17 ಸೆಕೆಂಡನ್ನೂ ಮುಟ್ಟಿರಲಿಲ್ಲ. ಪಟ್ಟಿ ಉದ್ದವಾದಷ್ಟೂ ಈ ಸೆಕೆಂಡುಗಳೇ ಕರಗುವುದು.

ಆಯ್ಕೆಯನ್ನು ಗ್ಯಾಲರಿಯ ಹೆಸರಿನಿಂದ ಶುರುಮಾಡಬೇಡಿ, ಕೃತಿಯಿಂದ ಶುರುಮಾಡಿ. ನಿಜವಾಗಿಯೂ ಎದುರು ನಿಂತು ನೋಡಬೇಕೆನಿಸುವ ಆರೋ ಎಂಟೋ ಕೃತಿಗಳನ್ನೋ ಕಲಾವಿದರನ್ನೋ ಬರೆದುಕೊಳ್ಳಿ. ಅವು ಯಾವ ಕಟ್ಟಡದಲ್ಲಿವೆಯೋ ಅವೇ ನಿಮ್ಮ ದೊಡ್ಡ ಮೂರು. ಏನೂ ಹೊಳೆಯದಿದ್ದರೆ ಮ್ಯೂಸಿಯಂಗಳ ಸಂಗ್ರಹದ ಪುಟಗಳನ್ನು ಅರ್ಧ ಗಂಟೆ ತಿರುವಿ, ಬೆರಳು ತಾನಾಗಿ ನಿಂತ ಚಿತ್ರಗಳನ್ನು ಗುರುತಿಸಿಕೊಳ್ಳಿ. ‘ನೋಡಲೇಬೇಕಾದ ಹತ್ತು’ ಎಂಬ ಪಟ್ಟಿಗಳಿಗಿಂತ ಇದು ಎಷ್ಟೋ ವಾಸಿ.

ಹೆಚ್ಚಿನವರು ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಕೃತಿ ಆ ಮ್ಯೂಸಿಯಂನದ್ದಾದ ಮಾತ್ರಕ್ಕೆ ಈ ವಾರ ಗೋಡೆಯ ಮೇಲೆ ಇದೆ ಎಂದಲ್ಲ. ಬೇರೆ ಊರಿನ ಪ್ರದರ್ಶನಕ್ಕೆ ಹೋಗಿರಬಹುದು, ದುರಸ್ತಿಯಲ್ಲಿರಬಹುದು, ಉಗ್ರಾಣದಲ್ಲಿರಬಹುದು. ಕಾಗದದ ಮೇಲಿನ ಕೆಲಸಗಳಲ್ಲಂತೂ, ಅಂದರೆ ಜಲವರ್ಣ, ರೇಖಾಚಿತ್ರ, ಮುದ್ರಣಚಿತ್ರಗಳಲ್ಲಿ, ಇದು ದಿನನಿತ್ಯದ ಸಂಗತಿ. ಬೆಳಕು ಬಣ್ಣವನ್ನು ತಿನ್ನುತ್ತದೆ, ತಿಂದದ್ದು ಮರಳುವುದಿಲ್ಲ. ಅದಕ್ಕೇ ತೈಲಚಿತ್ರಕ್ಕೆ 200 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಬೆಳಕು ಬಿಡುವವರು ಕಾಗದಕ್ಕೆ 50 ಲಕ್ಸ್‌ನಷ್ಟೇ ಬಿಡುತ್ತಾರೆ. ಕೆಲವು ತಿಂಗಳು ತೋರಿಸಿ ಮತ್ತೆ ವರ್ಷಗಟ್ಟಲೆ ಕತ್ತಲಲ್ಲಿ ಇಡುತ್ತಾರೆ. ವಿಯೆನ್ನಾದ ಆಲ್ಬರ್ಟಿನಾ ಮ್ಯೂಸಿಯಂ ಎಂದರೆ ಜರ್ಮನ್ ಕಲಾವಿದ ಡ್ಯೂರರ್ 1502ರಲ್ಲಿ ಬರೆದ ಮೊಲದ ಜಲವರ್ಣ ಚಿತ್ರ ನೆನಪಾಗುತ್ತದೆ, ಆದರೆ ಮೂಲಕೃತಿ ಹೊರಗೆ ಬರುವುದು ಅಪರೂಪ. ಆದ್ದರಿಂದ ಪ್ರತಿ ಕೃತಿಯ ಪುಟದಲ್ಲೂ ‘ಈಗ ಪ್ರದರ್ಶನದಲ್ಲಿದೆ’ ಎಂಬ ಸೂಚನೆ, ಕೋಣೆಯ ಸಂಖ್ಯೆ ಎರಡೂ ಇವೆಯೇ ನೋಡಿ. ಹೊರಡುವ ಹಿಂದಿನ ದಿನ ಇನ್ನೊಮ್ಮೆ ನೋಡಿ, ಏಕೆಂದರೆ ಸಿಬ್ಬಂದಿ ಸಾಲದೆ ಕೆಲವು ಕೋಣೆಗಳನ್ನು ಸರದಿಯಂತೆ ಮುಚ್ಚುವ ಮ್ಯೂಸಿಯಂಗಳೂ ಇವೆ. ಇಡೀ ಕಟ್ಟಡವೇ ಮುಚ್ಚಿರುವುದೂ ಉಂಟು: ಪ್ಯಾರಿಸ್ಸಿನ ಪಾಂಪಿಡು ಕಲಾಕೇಂದ್ರ 2025ರಲ್ಲಿ ನವೀಕರಣಕ್ಕೆಂದು ಬಾಗಿಲು ಹಾಕಿದೆ, ಮತ್ತೆ ತೆರೆಯುವ ಯೋಜನೆ ಇರುವುದು 2030ಕ್ಕೆ.

ಆಮೇಲೆ ವಾರದ ರಜೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಅದೇ ಊರಿನ ಓರ್ಸೆ ಮ್ಯೂಸಿಯಂ ಸೋಮವಾರ. ಮೆಟ್ರೊಪಾಲಿಟನ್‌ಗೆ ಬುಧವಾರ ರಜೆ. ಒಂದು ದೊಡ್ಡ ಬಾಗಿಲು ಮುಚ್ಚಿದ ದಿನ ಅಲ್ಲಿನ ಜನವೆಲ್ಲ ಪಕ್ಕದ ದೊಡ್ಡ ಬಾಗಿಲಿಗೆ ನುಗ್ಗುತ್ತಾರೆ; ಆ ದಿನವನ್ನು ಸಣ್ಣ ಜಾಗಗಳಿಗೆ ಇಟ್ಟುಕೊಳ್ಳಿ. ವಾರದಲ್ಲಿ ಒಂದೆರಡು ಸಂಜೆ ತಡವಾಗಿ ತೆರೆದಿರುವ ಮ್ಯೂಸಿಯಂಗಳು ಬಹಳ. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಶುಕ್ರವಾರ ರಾತ್ರಿ 9ರವರೆಗೆ ಇರುತ್ತದೆ. ಗುಂಪುಪ್ರವಾಸಗಳು ಹೊರಟುಹೋದ ಆ ಕೊನೆಯ ಎರಡು ಗಂಟೆ ಇಡೀ ವಾರದಲ್ಲೇ ಒಳ್ಳೆಯ ಹೊತ್ತು. ಉಚಿತ ಪ್ರವೇಶದ ಹೊತ್ತನ್ನು ಮಾತ್ರ ಸಂಜೆಯ ಈ ಹೊತ್ತಿನ ಜೊತೆ ಬೆರೆಸಬೇಡಿ. ಮ್ಯಾಡ್ರಿಡ್ಡಿನ ಪ್ರಾಡೊ ಮ್ಯೂಸಿಯಂನಲ್ಲಿ ಕೊನೆಯ ಎರಡು ಗಂಟೆ ಟಿಕೆಟ್ ಇಲ್ಲ, ಸರಿ, ಆದರೆ ಆ ಹೊತ್ತಿನ ಸಾಲು ನಿಮ್ಮ ಎರಡು ಗಂಟೆಯಲ್ಲಿ ಒಳ್ಳೆಯ ಪಾಲನ್ನು ನುಂಗಬಹುದು.

ಟಿಕೆಟ್ಟಿನ ವಿಷಯದಲ್ಲಿ ಒಂದೇ ಮಾತು: ಸಮಯ ನಿಗದಿ ಮಾಡಿ ಕೊಡುವ ಜಾಗಗಳನ್ನು ಮೊದಲು ಕಾದಿರಿಸಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿ. ರೋಮಿನ ಬೊರ್ಗೆಸೆ ಗ್ಯಾಲರಿಯಲ್ಲಿ ಎರಡು ಗಂಟೆಯ ಸ್ಲಾಟ್, ಮಿಲಾನಿನಲ್ಲಿರುವ ಲಿಯೊನಾರ್ಡೊನ ಗೋಡೆಚಿತ್ರ ‘ಕೊನೆಯ ಭೋಜನ’ಕ್ಕೆ ಹದಿನೈದೇ ನಿಮಿಷ. ಆಮ್ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2023ರಲ್ಲಿ ಡಚ್ ಕಲಾವಿದ ವರ್ಮೀರನ 28 ಚಿತ್ರಗಳನ್ನು ಒಟ್ಟಿಗೆ ತೋರಿಸಿದಾಗ, ಪ್ರದರ್ಶನ ತೆರೆದ ಕೆಲವೇ ದಿನಗಳಲ್ಲಿ ಎಲ್ಲ ಟಿಕೆಟ್ ಮುಗಿದಿದ್ದವು.

ಸಣ್ಣ ಗ್ಯಾಲರಿಗಳ ಲೆಕ್ಕವೇ ಬೇರೆ. ಅವುಗಳಲ್ಲಿ ಹೆಚ್ಚಿನವು ಚಿತ್ರ ಮಾರುವ ಜಾಗಗಳು, ಸ್ವಂತ ಸಂಗ್ರಹವನ್ನು ನೇತುಹಾಕುವುದಿಲ್ಲ. ಒಂದು ಪ್ರದರ್ಶನ ನಾಲ್ಕರಿಂದ ಆರು ವಾರ, ನಂತರ ಅದನ್ನು ಇಳಿಸಿ ಮುಂದಿನದನ್ನು ಏರಿಸಲು ಕೆಲವು ದಿನ ಬಾಗಿಲು ಬಂದ್. ಹಾಗಾಗಿ ‘ಒಳ್ಳೆಯ ಗ್ಯಾಲರಿ’ ಎಂಬ ಹೆಸರು ನಿಮಗೆ ಉಪಯೋಗಕ್ಕೆ ಬಾರದು, ಈಗಿನ ಪ್ರದರ್ಶನದ ತಾರೀಖು ಬೇಕು. ಭಾನುವಾರ, ಸೋಮವಾರ ಮುಚ್ಚಿರುವುದು ಸಾಮಾನ್ಯ. ಹೇಗೆ ಆರಿಸುವುದು? ಅವರ ಜಾಲತಾಣದಲ್ಲಿ ಹಿಂದಿನ ಮೂರು ಪ್ರದರ್ಶನಗಳ ಫೋಟೊ ನೋಡಿ. ಮೂರರಲ್ಲಿ ಒಂದೂ ಹಿಡಿಸದಿದ್ದರೆ ಈಗಿನದೂ ಹಿಡಿಸುವ ಸಂಭವ ಕಡಿಮೆ. ಅಲ್ಲಿ ಬರೆದಿರುವ ವಿವರಣೆಯನ್ನು ನಂಬಿ ಆರಿಸಬೇಡಿ. ಆ ಭಾಷೆ ಎಲ್ಲ ಪ್ರದರ್ಶನಕ್ಕೂ ಒಂದೇ ಥರ ಗಹನ.

ಒಳಗೆ ಹೋಗಲು ಅಂಜಿಕೆ ಬೇಡ. ಪ್ರವೇಶ ಸಾಮಾನ್ಯವಾಗಿ ಉಚಿತ, ಕೊಳ್ಳುತ್ತೀರಾ ಎಂದು ಯಾರೂ ಬೆನ್ನು ಹತ್ತುವುದಿಲ್ಲ. ಬಾಗಿಲು ಹಾಕಿದಂತೆ ಕಂಡರೆ ಕರೆಗಂಟೆ ಒತ್ತಿ. ಗೋಡೆಯ ಮೇಲೆ ಹೆಸರಿನ ಚೀಟಿ ಇಲ್ಲದಿದ್ದರೆ ಮೇಜಿನ ಬಳಿ ಕೃತಿಗಳ ಪಟ್ಟಿ ಕೇಳಿ ಪಡೆಯಿರಿ, ಬೆಲೆಯೂ ಅದರಲ್ಲೇ ಇರಬಹುದು. ಕೃತಿಯ ಪಕ್ಕ ಕೆಂಪು ಚುಕ್ಕೆ ಇದ್ದರೆ ಅದು ಮಾರಾಟವಾಗಿದೆ ಎಂದರ್ಥ. ಉದ್ಘಾಟನೆಯ ಸಂಜೆ ಕಲಾವಿದರು ಮಾತಿಗೆ ಸಿಗುತ್ತಾರೆ, ಚಿತ್ರ ಮಾತ್ರ ಜನರ ಹೆಗಲ ಹಿಂದೆ ಮರೆಯಾಗಿರುತ್ತದೆ.

ಹರಾಜು ಸಂಸ್ಥೆಗಳನ್ನು ಬಹಳ ಜನ ಮರೆಯುತ್ತಾರೆ. ದೊಡ್ಡ ಹರಾಜಿಗೆ ಮುಂಚಿನ ಕೆಲವು ದಿನ ಕೃತಿಗಳನ್ನು ಸಾರ್ವಜನಿಕರಿಗೂ ಪುಕ್ಕಟೆ ತೋರಿಸುತ್ತಾರೆ. ಖಾಸಗಿ ಮನೆಯಿಂದ ಖಾಸಗಿ ಮನೆಗೆ ಹೋಗುವ ಚಿತ್ರ ನಡುವೆ ಬೆಳಕು ಕಾಣುವುದು ಆ ನಾಲ್ಕಾರು ದಿನ ಮಾತ್ರ. ನಿಮ್ಮ ಪ್ರವಾಸದ ದಿನಗಳಲ್ಲಿ ಅಂಥದ್ದಿದ್ದರೆ ಒಂದು ಸಣ್ಣ ಗ್ಯಾಲರಿಯನ್ನು ಬಿಟ್ಟು ಇದನ್ನು ಸೇರಿಸಿಕೊಳ್ಳಿ.

ಇನ್ನು ನಕ್ಷೆ. ಆರಿಸಿದ ಜಾಗಗಳನ್ನೆಲ್ಲ ಗುರುತು ಹಾಕಿ, ಗುಂಪಾಗಿ ಕಂಡವನ್ನು ಒಂದೊಂದು ದಿನಕ್ಕೆ ಹಂಚಿ, ಒಂಟಿಯಾಗಿ ಮೂಲೆಯಲ್ಲಿರುವುದನ್ನು ಕರುಣೆಯಿಲ್ಲದೆ ಹೊಡೆದುಹಾಕಿ. ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವ ಹೊತ್ತಿನಲ್ಲಿ ಎರಡು ಗ್ಯಾಲರಿ ನೋಡಬಹುದು. ನ್ಯೂಯಾರ್ಕಿನ ಚೆಲ್ಸಿಯಂಥ ಕಡೆ ಒಂದೇ ಬೀದಿಯಲ್ಲಿ ಸಾಲಾಗಿ ಸಿಗುತ್ತವೆ, ಆದರೆ ಕೆಲವು ಮೇಲಿನ ಮಹಡಿಗಳಲ್ಲಿರುವುದರಿಂದ ಬೀದಿಗೆ ಕಾಣುವುದಿಲ್ಲ. ಮಹಡಿ ಸಂಖ್ಯೆಯನ್ನೂ ಬರೆದುಕೊಳ್ಳಿ.

ದೊಡ್ಡ ಮ್ಯೂಸಿಯಂ ಬೆಳಿಗ್ಗೆಯೇ ಆಗಲಿ, ಸಂಜೆಯ ತಡದ ಹೊತ್ತು ಹಿಡಿದಿದ್ದರೆ ಬೇರೆ ಮಾತು. ಒಳಗೆ ಹೋದವರೇ ನೇರ ನಿಮ್ಮ ಕೋಣೆಗೆ ನಡೆಯಿರಿ, ದಾರಿಯಲ್ಲಿರುವುದನ್ನು ವಾಪಸು ಬರುವಾಗ ನೋಡಿದರಾಯಿತು. ಪಟ್ಟಿಯ ಕೃತಿ ಮುಗಿದ ಮೇಲೆ ತಿರುಗಿ ಎದುರು ಗೋಡೆಯನ್ನೂ ನೋಡಿ. ಲೂವ್ರ್‌ನಲ್ಲಿ 77 ಸೆಂ.ಮೀ. ಎತ್ತರದ ಮೊನಾಲಿಸಾಗೆ ಮುಗಿಬಿದ್ದವರೆಲ್ಲ ಬೆನ್ನು ಹಾಕಿ ನಿಲ್ಲುವುದು ವೆರೊನೀಸೆಯ ‘ಕಾನಾದ ಮದುವೆ’ಗೆ, ಹತ್ತಿರ ಹತ್ತಿರ 10 ಮೀಟರ್ ಅಗಲದ ಚಿತ್ರಕ್ಕೆ.

ಕೊನೆಯ ಪ್ರವೇಶ ಮುಚ್ಚುವ ಹೊತ್ತಿಗಿಂತ ಅರ್ಧ ಗಂಟೆಯೋ ಒಂದು ಗಂಟೆಯೋ ಮುಂಚೆಯೇ ಮುಗಿದಿರುತ್ತದೆ, ಕಾವಲಿನವರು ಕೋಣೆ ಖಾಲಿ ಮಾಡಿಸುವುದನ್ನೂ ಗಂಟೆ ಹೊಡೆಯುವ ಮುಂಚೆಯೇ ಶುರುಮಾಡುತ್ತಾರೆ. ಫಲಕದಲ್ಲಿ 6 ಗಂಟೆ ಎಂದಿದ್ದರೆ ನಿಮ್ಮ ಲೆಕ್ಕದಲ್ಲಿ ಐದೂವರೆ ಎಂದು ಬರೆದುಕೊಳ್ಳಿ.