ಸರ್ಕಾರದ ಹಣದಲ್ಲಿ ನಡೆದ ಸಂಶೋಧನೆಯನ್ನು ಓದಲು ಮತ್ತೆ ಶುಲ್ಕ ಏಕೆ?

ಪ್ರಶ್ನೆ: ತಂದೆಯವರಿಗಿರುವ ನರಸಂಬಂಧಿ ಕಾಯಿಲೆಯ ಕುರಿತ ವೈಜ್ಞಾನಿಕ ಲೇಖನವೊಂದನ್ನು ಓದಲು ಹೋದಾಗ ಸಾರಾಂಶ ಮಾತ್ರ ಕಾಣಿಸಿತು, ಉಳಿದದ್ದಕ್ಕೆ ಹಣ ಕಟ್ಟಬೇಕಂತೆ. ಸಂಶೋಧನೆಗೆ ಸರ್ಕಾರದ ಅನುದಾನ ದೊರೆತಿದೆಯೆಂದು ಅಲ್ಲೇ ಬರೆದಿತ್ತು. ಹಾಗಿದ್ದರೂ ಶುಲ್ಕ ಏಕೆ? ಉಚಿತವಾಗಿ ಸಿಗುವ ಲೇಖನಗಳನ್ನು ನಂಬಬಹುದೇ?

ಉತ್ತರ: ಅನುದಾನದ ಹಣ ಪ್ರಯೋಗಾಲಯಕ್ಕೆ, ಉಪಕರಣಗಳಿಗೆ, ಸಂಶೋಧಕರ ಸಂಬಳಕ್ಕೆ ಸಲ್ಲುತ್ತದೆ. ಲೇಖನದ ಹಕ್ಕುಸ್ವಾಮ್ಯದ ದಾರಿಯೇ ಬೇರೆ. ಚಂದಾ ಆಧಾರಿತ ಜರ್ನಲ್‌ ಒಂದು ಲೇಖನವನ್ನು ಒಪ್ಪಿಕೊಂಡಾಗ ಲೇಖಕರು ಸಹಿ ಹಾಕುವ ಒಪ್ಪಂದದ ಮೂಲಕ ಆ ಹಕ್ಕು ಸಾಮಾನ್ಯವಾಗಿ ಪ್ರಕಾಶಕರ ಕೈಸೇರುತ್ತದೆ. ಬರೆದವರಿಗೆ ಸಂಭಾವನೆಯಿಲ್ಲ, ಲೇಖನವನ್ನು ಪರಿಶೀಲಿಸುವ ಸಹವಿದ್ವಾಂಸರಿಗೂ ಬಹುಮಟ್ಟಿಗೆ ಇಲ್ಲ. ಆದರೂ ಅದೇ ಲೇಖನವನ್ನು ಅವರ ವಿಶ್ವವಿದ್ಯಾಲಯದ ಗ್ರಂಥಾಲಯ ಚಂದಾ ತೆತ್ತು ತರಿಸಿಕೊಳ್ಳಬೇಕು. ಇಂಥ ವ್ಯಾಪಾರ ಬೇರೆಲ್ಲಾದರೂ ನಡೆಯುತ್ತದೆಯೇ ಎಂದು ನಾನೂ ಹಲವು ಬಾರಿ ಯೋಚಿಸಿದ್ದೇನೆ.

ಇದಕ್ಕೆ ಪ್ರತಿಯಾಗಿ ಹುಟ್ಟಿದ್ದೇ ಮುಕ್ತ ಪ್ರವೇಶದ, ಅಂದರೆ ಓಪನ್ ಆಕ್ಸೆಸ್‌ನ ಚಳವಳಿ. ಭೌತವಿಜ್ಞಾನಿಗಳು 1991ರಲ್ಲೇ ‘ಆರ್ಕೈವ್’ ಎಂಬ ಭಂಡಾರದಲ್ಲಿ ತಮ್ಮ ಲೇಖನಗಳನ್ನು ಎಲ್ಲರಿಗೂ ತೆರೆದಿಡತೊಡಗಿದ್ದರು. 2002ರ ಫೆಬ್ರುವರಿಯಲ್ಲಿ ಹೊರಬಿದ್ದ ಬುಡಾಪೆಸ್ಟ್ ಘೋಷಣೆಯು, ಉಚಿತವಾಗಿ ಓದುವುದಷ್ಟೇ ಅಲ್ಲದೆ, ಲೇಖಕರ ಹೆಸರನ್ನು ಸರಿಯಾಗಿ ಉಲ್ಲೇಖಿಸಿ ಲೇಖನವನ್ನು ನಕಲಿಸುವ, ಹಂಚುವ ಸ್ವಾತಂತ್ರ್ಯವನ್ನೂ ಮುಕ್ತ ಪ್ರವೇಶದ ಅರ್ಥದೊಳಗೆ ಸೇರಿಸಿತು. ಅನುದಾನ ನೀಡುವವರು ಎಚ್ಚೆತ್ತದ್ದು ನಿಧಾನವಾಗಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಾದ ಎನ್‌ಐಎಚ್, ತನ್ನ ಹಣ ಪಡೆದ ಲೇಖನಗಳು ಪ್ರಕಟವಾದ 12 ತಿಂಗಳೊಳಗೆ ‘ಪಬ್‌ಮೆಡ್ ಸೆಂಟ್ರಲ್’ ಭಂಡಾರದಲ್ಲಿ ಎಲ್ಲರಿಗೂ ಸಿಗಬೇಕೆಂದು 2008ರಲ್ಲಿ ಕಡ್ಡಾಯ ಮಾಡಿತು. 2025ರ ಜುಲೈ 1ರಿಂದ ಸ್ವೀಕೃತವಾಗುವ ಲೇಖನಗಳಿಗೆ ಆ 12 ತಿಂಗಳ ಕಾಯುವಿಕೆಯೂ ಇಲ್ಲ.

ಉಚಿತ ಎಂದಮಾತ್ರಕ್ಕೆ ಖರ್ಚು ಇಲ್ಲವಾಯಿತೆಂದು ತಿಳಿಯಬಾರದು. ಅನೇಕ ಜರ್ನಲ್‌ಗಳು ಓದುಗರ ಬದಲು ಲೇಖಕರಿಂದ ಪ್ರಕಟಣಾ ಶುಲ್ಕ ಪಡೆಯುತ್ತವೆ. ‘ನೇಚರ್’ ಪತ್ರಿಕೆ 2021ರಲ್ಲಿ ಈ ವ್ಯವಸ್ಥೆಯನ್ನು ಆರಂಭಿಸಿದಾಗ ಒಂದು ಲೇಖನಕ್ಕೆ 9,500 ಯೂರೊ ನಿಗದಿಪಡಿಸಿತ್ತು. ಓದುಗರ ಮುಂದಿದ್ದ ಬಾಗಿಲು ತೆರೆದು, ಹಣವಿಲ್ಲದ ಸಂಶೋಧಕರ ಮುಂದೆ ಮುಚ್ಚಿಕೊಂಡಿತೆಂಬ ಆಕ್ಷೇಪದಲ್ಲಿ ಹುರುಳಿದೆ.

ಈ ಶುಲ್ಕದ ಆಸೆಯಿಂದಲೇ, ಪರಿಶೀಲನೆಯ ನಟನೆ ಮಾಡಿ ಏನನ್ನಾದರೂ ಅಚ್ಚು ಹಾಕುವ ಜರ್ನಲ್‌ಗಳು ಹುಟ್ಟಿಕೊಂಡವು. 2013ರಲ್ಲಿ ‘ಸೈನ್ಸ್’ ಪತ್ರಿಕೆಯ ಪರವಾಗಿ ಪತ್ರಕರ್ತರೊಬ್ಬರು ಎದ್ದುಕಾಣುವ ದೋಷಗಳಿದ್ದ ಕಟ್ಟುಕತೆಯ ಲೇಖನವೊಂದನ್ನು 304 ಮುಕ್ತ ಜರ್ನಲ್‌ಗಳಿಗೆ ಕಳುಹಿಸಿದಾಗ, ಅರ್ಧಕ್ಕಿಂತ ಹೆಚ್ಚಿನವು ಅದನ್ನು ಒಪ್ಪಿಕೊಂಡವು. ಆದರೆ ಚಂದಾ ಪಡೆಯುವ ಜರ್ನಲ್‌ಗಳನ್ನು ಆ ಪರೀಕ್ಷೆಗೆ ಒಡ್ಡಿರಲೇ ಇಲ್ಲವಾದ್ದರಿಂದ, ಮುಕ್ತವಾದದ್ದೆಲ್ಲ ಕಳಪೆ ಎಂಬ ತೀರ್ಮಾನಕ್ಕೆ ಅದು ಆಧಾರವಾಗುವುದಿಲ್ಲ. ನೀವು ಕೇಳಿಕೊಳ್ಳಬೇಕಾದದ್ದು, ಈ ಲೇಖನವನ್ನು ಯಾರಾದರೂ ಪರಿಶೀಲಿಸಿದ್ದಾರೆಯೇ ಎಂಬುದನ್ನು. ಪ್ರಿಪ್ರಿಂಟ್ ಎಂದರೆ ಪರಿಶೀಲನೆಗೆ ಮುನ್ನವೇ ಹೊರಬಂದ ಕರಡು. ಅದನ್ನು ನೆಚ್ಚಿ ತಂದೆಯವರ ಔಷಧಿಯನ್ನು ಬದಲಿಸಲು ಹೋಗಬೇಡಿ. ಭಂಡಾರಗಳಲ್ಲಿ ‘ಸ್ವೀಕೃತ ಹಸ್ತಪ್ರತಿ’ ಎಂದು ಗುರುತಿಸಿದ ಪ್ರತಿಯಾದರೋ ಪರಿಶೀಲನೆಯನ್ನು ದಾಟಿ ಬಂದದ್ದು. ಪುಟವಿನ್ಯಾಸ ಬೇರೆಯಾದರೂ ಸಾಮಾನ್ಯವಾಗಿ ತಿರುಳು ಅದೇ.

ನಿಮಗೆ ಬೇಕಾದ ಲೇಖನವೂ ಹೀಗೆ ಎಲ್ಲೋ ತೆರೆದಿರಬಹುದು. ಶೀರ್ಷಿಕೆಯನ್ನು ಪಬ್‌ಮೆಡ್ ಸೆಂಟ್ರಲ್‌ನಲ್ಲಿ ಹುಡುಕಿ. ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗಿರುವ ಇತರ ಆವೃತ್ತಿಗಳ ಕೊಂಡಿಯನ್ನೂ ತೆರೆದು ನೋಡಿ. ಎರಡರಲ್ಲೂ ಸಿಗದಿದ್ದರೆ, ಸಾರಾಂಶದ ಪುಟದಲ್ಲಿ ಸಾಮಾನ್ಯವಾಗಿ ಕೊಟ್ಟಿರುವ ಲೇಖಕರ ಇಮೇಲ್ ವಿಳಾಸಕ್ಕೆ ನಾಲ್ಕು ಸಾಲು ಬರೆದು ಪ್ರತಿಯೊಂದನ್ನು ಕೇಳಿ. ನೀವು ಕಟ್ಟಬೇಕಿದ್ದ ಶುಲ್ಕದಲ್ಲಿ ಅವರಿಗೆ ಪಾಲೇನೂ ಇಲ್ಲದಿರುವುದರಿಂದ, ಕೇಳಿದವರಿಗೆ ಸಂತೋಷದಿಂದಲೇ ಕಳುಹಿಸುವ ಸಂಶೋಧಕರು ಬಹಳ ಮಂದಿ ಇದ್ದಾರೆ.