ಮೊಗ್ಲಿಂಗ್ ಕೊಡಗಿನಲ್ಲಿ ದಿನವಿಡೀ ಏನು ಮಾಡುತ್ತಿದ್ದರು?

ನಮಸ್ಕಾರ. ಕೊಡಗಿಗೆ ಬಂದ ಜರ್ಮನ್ ಪಾದ್ರಿ ಹರ್ಮನ್ ಮೊಗ್ಲಿಂಗ್ ಧರ್ಮಬೋಧನೆ ಬಿಟ್ಟು ಬೇರೇನು ಮಾಡುತ್ತಿದ್ದರು ಅಂತ ಕೇಳಿದ್ದೀರಿ. ನನ್ನ ಪ್ರಕಾರ ಬೇರೆ ಕೆಲಸವೇ ಜಾಸ್ತಿ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಶನ್ ಕಡೆಯಿಂದ 1836ರಲ್ಲಿ ಮಂಗಳೂರಿಗೆ ಬಂದವರು ಅವರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದರು. ಕೊಡಗಿಗೆ ಬಂದದ್ದು ಆಮೇಲೆ, ಅಲ್ಮಂಡ ಸೋಮಯ್ಯ ಎಂಬ ಕೊಡವರ ಕರೆಯಿಂದ.

ಇಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳಿಗಾಗಿ ಆನಂದಪುರ ಅಂತ ಊರೇ ಕಟ್ಟಿದರು. ಊರು ಕಟ್ಟಿದರೆ ಸಾಲದಲ್ಲ, ಹೊಟ್ಟೆಗೂ ಬೇಕಲ್ವಾ? ಅದಕ್ಕೆ ಕಾಫಿ ತೋಟ ಮಾಡಿಸಿದರು. ಹಾಗಾಗಿ ಬೈಬಲ್ ಪಾಠದ ಜೊತೆ ತೋಟದ ಚಿಂತೆಯೂ ಅವರ ತಲೆಯ ಮೇಲಿತ್ತು.

ನಾನು ಸಿದ್ದಾಪುರದ ಕಡೆ ತೋಟದಲ್ಲಿ ಬೆಳೆದವನು. ಆಷಾಢದಲ್ಲಿ ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಹತ್ತುವುದಿಲ್ಲ. ಗದ್ದೆ ಬದಿಗೆ ಹೋಗಿ ಬಂದರೆ ಪಾದದ ಸಂದಿನಲ್ಲಿ ಜಿಗಣೆ. ಆ ಕಾಲದಲ್ಲಿ, ಈ ಮಳೆಯಲ್ಲಿ, ದೂರದೇಶದವರು ಸಂಸಾರ ಮಾಡಿದರಲ್ಲ ಅಂತ ನೆನೆದಾಗೆಲ್ಲ ಮನಸ್ಸು ತುಂಬಿ ಬರುತ್ತದೆ.

ಹೆಂಡತಿಯ ಆರೋಗ್ಯ ಕೆಟ್ಟು 1860ರಲ್ಲಿ ಜರ್ಮನಿಗೆ ಹಿಂದಿರುಗಿದರು. ಆನಂದಪುರ ಈಗಲೂ ಇದೆ. ಅಮ್ಮತ್ತಿ ಕಡೆ ಬಂದರೆ ಖಂಡಿತ ನೋಡಿ ಹೋಗಿ.